ಪೆಟ್ಟಿಗೆಯ ಒಳಗಿನ ಚೀಟಿ

1984ರಲ್ಲಿ ಬ್ಯಾಂಕಿನ ವರ್ಗಾವಣೆ ಪತ್ರ ಹಿಡಿದು ಸಾಗರದಿಂದ ಮದ್ರಾಸಿಗೆ ಹೊರಟಾಗ ಅಪ್ಪ ನನ್ನ ಕಬ್ಬಿಣದ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ವಿಳಾಸ ಬರೆಸಿದ್ದರು. ಸಾಲದ್ದಕ್ಕೆ ಮುಚ್ಚಳದ ಒಳಗೂ ಒಂದು ಚೀಟಿ ಅಂಟಿಸಿದರು. "ಹೊರಗಿನದು ಅಳಿಸಿಹೋದರೆ ಒಳಗಿನದು ಇರಲಿ ಮಾರಾಯ" ಅಂದರು. ಆಗ ನಗು ಬಂದಿತ್ತು.

ಮದ್ರಾಸು ಚೆನ್ನೈ ಆಯಿತು, ನಾನು ನಿವೃತ್ತನಾದೆ, ನಂಗನಲ್ಲೂರಿನ ಮನೆಯ ಮೇಲೆ ಮೀನಂಬಾಕ್ಕಮ್ಮಿನ ವಿಮಾನಗಳು ಹಾರುತ್ತಲೇ ಇವೆ. 2025ರಲ್ಲಿ ಅಲ್ಲಿಂದಲೇ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಅಮೆರಿಕಕ್ಕೆ ಹೊರಟೆವು. ಒಂದು ಪೆಟ್ಟಿಗೆಯಲ್ಲಿ ಸಾರಿನಪುಡಿ, ಬಾಣಂತಿ ಲೇಹ್ಯ, ಜೊತೆಗೆ ನನ್ನಾಕೆಯ ತಾಯಿ ಉಟ್ಟು ಉಟ್ಟು ಮೆತ್ತಗಾಗಿದ್ದ ಎರಡು ಹತ್ತಿ ಸೀರೆ. ಕೂಸನ್ನು ಮೊದಲು ಸುತ್ತುವುದು ಅದರಲ್ಲೇ ಎಂದು ಅವಳ ಹಟ. ಆ ತಾಯಿ ಈಗಿಲ್ಲ. ಅಂಥ ಸೀರೆ ಇನ್ನು ಸಿಗುವುದೂ ಇಲ್ಲ. ಮಗಳು ಕಳಿಸಿದ್ದ ಏರ್‌ಟ್ಯಾಗ್ ಎಂಬ ಬಿಲ್ಲೆಯನ್ನೂ ಒಳಗಿಟ್ಟೆವು. "ಅಪ್ಪಾ, ಇನ್ನು ಪೆಟ್ಟಿಗೆ ಕಳೆಯೋ ಮಾತೇ ಇಲ್ಲ" ಅಂದಿದ್ದಳು.

ನಾವಿಳಿದೆವು, ಪೆಟ್ಟಿಗೆ ಬರಲಿಲ್ಲ. ಫೋನು ಮಾತ್ರ ನಾವು ವಿಮಾನ ಬದಲಿಸಿದ ಊರಿನ ನಿಲ್ದಾಣದಲ್ಲಿ ಒಂದು ಚುಕ್ಕೆ ತೋರಿಸುತ್ತಿತ್ತು. ಕೌಂಟರಿನಲ್ಲಿದ್ದಾತ ತನ್ನ ಪರದೆ ನೋಡಿ, ಪೆಟ್ಟಿಗೆ ನಿಮ್ಮ ವಿಮಾನಕ್ಕೇ ಏರಿದೆ ಅಂದ. ನಾನು ಚುಕ್ಕೆ ತೋರಿಸಿದೆ. ಅವನು ಟ್ಯಾಗಿನ ನಂಬರ್ ಕೇಳಿದ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಾಮಾನಿಗೆ ನಂಬರಿನ ಚೀಟಿ ಕಟ್ಟುವ ಪದ್ಧತಿ ರೈಲಿನ ಕಾಲದ್ದು. ಎರಡು ತುಂಡಾಗಿ ಹರಿಯುವ ಚೀಟಿಗೆ ಕೆನಡಾದ ಮಾಂಕ್ಟನ್ನಿನ ಜಾನ್ ಮೈಕೆಲ್ ಲಯನ್ಸ್ 1882ರಲ್ಲಿ ಪೇಟೆಂಟ್ ಪಡೆದ. ಒಂದು ತುಂಡು ಸಾಮಾನಿಗೆ, ಇನ್ನೊಂದು ಪ್ರಯಾಣಿಕನಿಗೆ. ನಮ್ಮ ಬ್ಯಾಂಕಿನ ಹಿತ್ತಾಳೆ ಟೋಕನ್ ಇದ್ದ ಹಾಗೆ ಅನ್ನಿ. 1929ರ ವಾರ್ಸಾ ಒಪ್ಪಂದ ವಿಮಾನಕ್ಕೂ ಲಗೇಜ್ ಚೀಟಿಯ ನಿಯಮ ತಂದು, ಕಳೆದರೆ ಕಿಲೋಗೆ 250 ಫ್ರಾಂಕ್ ಎಂದು ಮಿತಿ ಹಾಕಿತು. ಮೂರೇ ವರ್ಷದ ಮೇಲೆ, 1932ರ ಅಕ್ಟೋಬರ್‌ನಲ್ಲಿ, ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೇಲೆ ಮದ್ರಾಸಿಗೆ ತಂದ. ಆಗ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದ್ದೇ. ಆ ಪುಟ್ಟ ವಿಮಾನದಲ್ಲಿ ಕಳೆಯಲು ಜಾಗವಾದರೂ ಎಲ್ಲಿತ್ತು!

ವಿಮಾನ ದೊಡ್ಡದಾಯಿತು, ಚೀಟಿಗೆ ಹತ್ತು ಅಂಕಿಯ ನಂಬರೂ ಬಾರ್‌ಕೋಡೂ ಬಂದವು. 2018ರ ಜೂನ್‌ನಿಂದ ಐಯಾಟಾ ಸಂಸ್ಥೆಯ 753ನೇ ನಿರ್ಣಯದಂತೆ ನಾಲ್ಕು ಕಡೆ ಪೆಟ್ಟಿಗೆಯ ಲೆಕ್ಕ ಇಡಬೇಕು: ನಾವು ಒಪ್ಪಿಸುವಾಗ, ವಿಮಾನಕ್ಕೆ ಏರಿಸುವಾಗ, ಬೇರೆ ವಿಮಾನಕ್ಕೆ ದಾಟಿಸುವಾಗ, ನಮಗೆ ಮರಳಿಸುವಾಗ. ಕೈ ಬದಲಾದಾಗಲೆಲ್ಲ ಒಂದು ಎಂಟ್ರಿ. ಕೌಂಟರಿನವನ ಲೆಡ್ಜರ್ ಅದು.

ನನ್ನ ಚುಕ್ಕೆ ಬೇರೆ ಲೆಡ್ಜರ್. 2021ರ ಏಪ್ರಿಲ್‌ನಲ್ಲಿ ಬಂದ ಈ ಬಿಲ್ಲೆಯಲ್ಲಿ ಜಿಪಿಎಸ್ ಇಲ್ಲ. ಅದು ಬ್ಲೂಟೂತ್ ಸಂಜ್ಞೆ ಬಿಡುತ್ತದೆ, ಅಷ್ಟೆ. ಹತ್ತಿರ ಯಾರದಾದರೂ ಐಫೋನ್ ಇದ್ದರೆ ಆ ಫೋನು ತಾನಿರುವ ಜಾಗವನ್ನು ಇಂಟರ್ನೆಟ್ಟಿನ ಮೂಲಕ ಮುಟ್ಟಿಸುತ್ತದೆ. ಯಾರೂ ಸುಳಿಯದ ಗೋದಾಮಿನಲ್ಲಿ, ಹಾರುವ ವಿಮಾನದ ಹೊಟ್ಟೆಯಲ್ಲಿ, ಅದು ಮೂಗಿ. ಪಾಸ್‌ಬುಕ್ಕಿನಂತೆಯೇ: ಕಾಣುವುದು ಕೊನೆಯ ಎಂಟ್ರಿ, ಇವತ್ತಿನ ಬ್ಯಾಲೆನ್ಸ್ ಅಲ್ಲ. ನಮ್ಮದು "ಒಂಬತ್ತು ಗಂಟೆ ಹಿಂದೆ" ಅಂತಿತ್ತು. ನನ್ನಾಕೆ ಮಾತ್ರ ಐದೈದು ನಿಮಿಷಕ್ಕೆ "ರೀ, ಅಲ್ಲೇ ಇದೆಯಾ ನೋಡಿ" ಅನ್ನುತ್ತಿದ್ದಳು.

2022ರ ಅಕ್ಟೋಬರ್‌ನಲ್ಲಿ ಲುಫ್ತಾನ್ಸಾ ಈ ಬಿಲ್ಲೆಗಳು ಬೇಡ ಎಂದು ಗದ್ದಲ ಎಬ್ಬಿಸಿ ಕೆಲವೇ ದಿನದಲ್ಲಿ ಒಪ್ಪಿಕೊಂಡಿತು. 2024ರ ಡಿಸೆಂಬರ್‌ನಿಂದ ಚುಕ್ಕೆಯ ಕೊಂಡಿಯನ್ನು ಕಂಪನಿಗೇ ಕಳಿಸುವ ಸೌಲಭ್ಯವೂ ಬಂತು. ಆದರೆ ಎಲ್ಲ ಕಂಪನಿಗಳೂ ಅದನ್ನು ತೆಗೆದುಕೊಳ್ಳುವುದಿಲ್ಲ, ನಮ್ಮದು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೂ ಚುಕ್ಕೆ ತೋರಿಸುವುದು ಕಟ್ಟಡವನ್ನು. ಸಾಲುಸಾಲು ಪೆಟ್ಟಿಗೆಗಳಲ್ಲಿ ನಮ್ಮದನ್ನು ಎತ್ತಿ ತರಲು ಒಬ್ಬ ಮನುಷ್ಯನೇ ಬೇಕು.

ಪರಿಹಾರದ ಲೆಕ್ಕ ನನಗೆ ಗೊತ್ತಿತ್ತು. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನವಾದರೂ ಬಾರದ ಪೆಟ್ಟಿಗೆ ಕಳೆದಂತೆ. 2024ರ ಡಿಸೆಂಬರ್ 28ರಿಂದ ಮಿತಿ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್, ಅಂದರೆ ಸುಮಾರು 2,000 ಡಾಲರ್. ಅದೂ ಗರಿಷ್ಠ ಮಿತಿ. ನಷ್ಟ ಎಷ್ಟೆಂದು ನಾವೇ ತೋರಿಸಬೇಕು. ಹಳೇ ಸೀರೆಗೆ ಯಾವ ರಸೀದಿ ತರಲಿ?

ಮೂರನೇ ದಿನ ಮೊಮ್ಮಗಳು ಹುಟ್ಟಿದಳು. ಆಸ್ಪತ್ರೆಯ ಬಟ್ಟೆಯಲ್ಲೇ ಸುತ್ತಿದರು. ನನ್ನಾಕೆ ಏನೂ ಅನ್ನಲಿಲ್ಲ.

ಐದನೇ ದಿನ ಕಂಪನಿಯಿಂದ ಫೋನ್ ಬಂತು. ಪೆಟ್ಟಿಗೆಯ ಟ್ಯಾಗ್ ಹರಿದುಹೋಗಿತ್ತಂತೆ, ಹಾಗಾಗಿ ಅದು ಯಾವ ಲೆಕ್ಕಕ್ಕೂ ಸಿಗದೆ ಬಿದ್ದಿತ್ತು. ಯಾರೋ ತೆರೆದು ನೋಡಿದಾಗ ಮುಚ್ಚಳದ ಒಳಗೆ ಹೆಸರು, ಮಗಳ ವಿಳಾಸ, ಫೋನ್ ನಂಬರ್ ಇದ್ದ ಚೀಟಿ ಕಂಡಿತಂತೆ. ಅಪ್ಪನಿಂದ ಬಂದ ಅಭ್ಯಾಸ, ಹೊರಡುವ ಹಿಂದಿನ ರಾತ್ರಿ ನಾನೇ ಅಂಟಿಸಿದ್ದೆ.

ಬಿಲ್ಲೆ ಬೇಡ ಅನ್ನುವುದಿಲ್ಲ. ಪೆಟ್ಟಿಗೆ ವಿಮಾನ ಏರಿಲ್ಲ ಎಂಬ ನಿಜವನ್ನು ಮೊದಲು ಹೇಳಿದ್ದು ಅದೇ. ಮುಂದಿನ ಸಲವೂ ಇಡುತ್ತೇವೆ, ಚೀಟಿಯ ಪಕ್ಕದಲ್ಲಿ.

ಆರನೇ ದಿನ ಪೆಟ್ಟಿಗೆ ಮನೆಗೆ ಬಂತು. ಸೀರೆಗೆ ಸಾರಿನಪುಡಿಯ ವಾಸನೆ ಹತ್ತಿತ್ತು. ನನ್ನಾಕೆ ಎರಡು ಸಲ ಒಗೆದು, ಒಣಗಿಸಿ, ಕೂಸನ್ನು ಸುತ್ತಿ ಮಲಗಿಸಿದಳು.