ಕುಡಿಯುವ ನೀರಿನ ಪರೀಕ್ಷಾ ವರದಿ: ಪರಮಾಣು, ಆವರ್ತ ಕೋಷ್ಟಕ ಮತ್ತು ಮಾಪನದ ಪ್ರಾಥಮಿಕ ಪರಿಚಯ

ಬಳ್ಳಾರಿ ನಗರ ಹಾಗೂ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಕೊಳವೆ ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ನಂತರ ನೀಡುವ ವರದಿಯಲ್ಲಿ "ಫ್ಲೋರೈಡ್ 1.8 ಮಿ.ಗ್ರಾಂ/ಲೀ." ಎಂಬಂತಹ ನಮೂದುಗಳಿರುತ್ತವೆ. ಸದರಿ ನಮೂದಿನಲ್ಲಿ ಒಂದು ಮೂಲವಸ್ತುವಿನ ಹೆಸರು, ಒಂದು ಅಂಕಿ ಮತ್ತು ಒಂದು ಮಾನ ಎಂಬ ಮೂರು ಅಂಶಗಳಿವೆ. ಇವುಗಳ ಅರ್ಥ ತಿಳಿಯದಿದ್ದಲ್ಲಿ ವರದಿಯು ಕಡತದಲ್ಲಿ ಉಳಿಯುತ್ತದೆ, ನೀರು ಮಕ್ಕಳ ಲೋಟವನ್ನು ಸೇರುತ್ತದೆ. ಶಾಲಾ ಪಠ್ಯದ ರಸಾಯನಶಾಸ್ತ್ರವನ್ನು ಮರೆತವರಿಗೂ ಅರ್ಥವಾಗುವಂತೆ ಈ ಅಂಶಗಳನ್ನು ಕೆಳಗೆ ವಿವರಿಸಲಾಗಿದೆ.

ಪರಮಾಣು ಮತ್ತು ಅಯಾನು

ಯಾವುದೇ ಮೂಲವಸ್ತುವಿನ ಗುಣಗಳನ್ನು ಉಳಿಸಿಕೊಂಡಿರುವ ಅತ್ಯಂತ ಚಿಕ್ಕ ಘಟಕವೇ ಪರಮಾಣು. ಇದರ ನಡುವಿನ ಬೀಜಕೇಂದ್ರದಲ್ಲಿ ಧನ ವಿದ್ಯುದಂಶದ ಪ್ರೋಟಾನ್‌ಗಳೂ ವಿದ್ಯುದಂಶವಿಲ್ಲದ ನ್ಯೂಟ್ರಾನ್‌ಗಳೂ, ಸುತ್ತಲೂ ಋಣ ವಿದ್ಯುದಂಶದ ಎಲೆಕ್ಟ್ರಾನ್‌ಗಳೂ ಇರುತ್ತವೆ. ಪ್ರೋಟಾನ್‌ಗಳ ಸಂಖ್ಯೆಯೇ ಪರಮಾಣು ಸಂಖ್ಯೆ. ಫ್ಲೋರಿನ್‌ನಲ್ಲಿ 9, ಕ್ಯಾಲ್ಸಿಯಂನಲ್ಲಿ 20, ಕಬ್ಬಿಣದಲ್ಲಿ 26 ಪ್ರೋಟಾನ್‌ಗಳಿವೆ.

ಪರಮಾಣುವು ಎಲೆಕ್ಟ್ರಾನ್ ಅನ್ನು ಕಳೆದುಕೊಂಡರೆ ಅಥವಾ ಪಡೆದುಕೊಂಡರೆ ಅದನ್ನು ಅಯಾನು ಎನ್ನಲಾಗುತ್ತದೆ. ಒಂದು ಎಲೆಕ್ಟ್ರಾನ್ ಪಡೆದ ಫ್ಲೋರಿನ್ ಪರಮಾಣುವೇ ಫ್ಲೋರೈಡ್. ಫ್ಲೋರಿನ್ ಅನಿಲವು ಅತ್ಯಂತ ಉಗ್ರವಾದ ವಸ್ತು. ಫ್ರಾನ್ಸಿನ ಹೆನ್ರಿ ಮ್ವಾಸಾನ್ ಅವರು 1886ರಲ್ಲಿ ಇದನ್ನು ಮೊದಲ ಬಾರಿಗೆ ಬೇರ್ಪಡಿಸಿ, 1906ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ನೀರಿನಲ್ಲಿರುವುದು ಈ ಅನಿಲವಲ್ಲ, ಫ್ಲೋರೈಡ್ ಅಯಾನು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಲ್ಲಿ ಹೇಳುವ ಪ್ರಮಾಣದಲ್ಲಿ ರುಚಿಯೂ ತಿಳಿಯುವುದಿಲ್ಲ.

ನೀರಿನಲ್ಲಿರುವ ಧನ ಅಯಾನುಗಳ ಒಟ್ಟು ವಿದ್ಯುದಂಶವು ಋಣ ಅಯಾನುಗಳ ಒಟ್ಟು ವಿದ್ಯುದಂಶಕ್ಕೆ ಸಮನಾಗಿರಲೇಬೇಕು. ಲೆಕ್ಕಪತ್ರ ಬಲ್ಲವರಿಗೆ ಇದು ಹೊಸದಲ್ಲ. ಜಮಾ ಮತ್ತು ಖರ್ಚಿನ ಬಾಬುಗಳು ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ಹೇಗೆ ತಿಳಿಯುತ್ತೇವೆಯೋ ಹಾಗೆಯೇ, ಪೂರ್ಣ ವಿಶ್ಲೇಷಣೆಯ ವರದಿಯನ್ನು ಪ್ರಯೋಗಾಲಯದವರು ಇದೇ ರೀತಿ ತಾಳೆ ನೋಡುತ್ತಾರೆ.

ಆವರ್ತ ಕೋಷ್ಟಕ

ರಷ್ಯಾದ ಡಿಮಿಟ್ರಿ ಮೆಂಡಲೀವ್ ಅವರು 1869ರಲ್ಲಿ ಮೂಲವಸ್ತುಗಳನ್ನು ಪರಮಾಣು ತೂಕದ ಅನುಸಾರ ಜೋಡಿಸಿ, ಆಗ ತಿಳಿದಿಲ್ಲದವುಗಳಿಗೆ ಖಾಲಿ ಸ್ಥಾನಗಳನ್ನು ಬಿಟ್ಟು ಕೋಷ್ಟಕವನ್ನು ಪ್ರಕಟಿಸಿದರು. ಜೋಡಣೆಗೆ ಸರಿಯಾದ ಆಧಾರ ಪರಮಾಣು ಸಂಖ್ಯೆಯೇ ಎಂಬುದನ್ನು 1913ರಲ್ಲಿ ಹೆನ್ರಿ ಮೋಸ್ಲಿ ತೋರಿಸಿದರು. ಈಗಿನ ಕೋಷ್ಟಕದಲ್ಲಿ 118 ಮೂಲವಸ್ತುಗಳಿದ್ದು, ಕೊನೆಯ ನಾಲ್ಕಕ್ಕೆ 2016ರಲ್ಲಿ ಹೆಸರಿಡಲಾಯಿತು. ನೀರಿನ ವರದಿಗೆ ಇವುಗಳಲ್ಲಿ ಹತ್ತು ಹನ್ನೆರಡು ಸಾಕು.

ಒಂದೇ ಕಂಬಸಾಲಿನ ಮೂಲವಸ್ತುಗಳ ನಡತೆಯಲ್ಲಿ ಹೋಲಿಕೆಯಿರುತ್ತದೆ. 17ನೇ ಗುಂಪಿನಲ್ಲಿ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಇವೆ. ಇವೆಲ್ಲವೂ ಒಂದು ಎಲೆಕ್ಟ್ರಾನ್ ಪಡೆಯಲು ಹವಣಿಸುವ ಸ್ವಭಾವದವು. 2ನೇ ಗುಂಪಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡೆರಡು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಡುತ್ತವೆ. ನೀರಿಗೆ ಗಡಸುತನ ಬರುವುದು ಮುಖ್ಯವಾಗಿ ಇವುಗಳಿಂದ. ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಪರಸ್ಪರ ಬಿಗಿಯಾಗಿ ಸೇರಿಕೊಳ್ಳುತ್ತವೆ. ನಮ್ಮ ಜಿಲ್ಲೆಯ ನೀರಿನ ವಿಷಯದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಇದೇ ಆಗಿದೆ.

ಕಲ್ಲಿನಿಂದ ನೀರಿಗೆ

ಬಳ್ಳಾರಿ ಗುಡ್ಡದ ಕೋಟೆ ನಿಂತಿರುವುದು ಗ್ರಾನೈಟ್ ಶಿಲೆಯ ಮೇಲೆ. ಇಂತಹ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ ಮುಂತಾದ ಫ್ಲೋರೈಡ್‌ಯುಕ್ತ ಖನಿಜಗಳಿರುತ್ತವೆ. ಆಳದ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತಾಗ ಫ್ಲೋರೈಡ್ ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಗಟ್ಟಿಯಾಗಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿದ್ದರೆ ಫ್ಲೋರೈಡ್ ಕರಗಿದ ಸ್ಥಿತಿಯಲ್ಲೇ ಉಳಿಯುತ್ತದೆ. ಆದುದರಿಂದ ಬೇಳೆ ಚೆನ್ನಾಗಿ ಬೇಯುವ, ಸೋಪು ಚೆನ್ನಾಗಿ ನೊರೆಯಾಗುವ ಮೆದು ನೀರು ಒಳ್ಳೆಯದೆಂಬ ನಂಬಿಕೆಯನ್ನು ಪರೀಕ್ಷೆಯಿಲ್ಲದೆ ಒಪ್ಪಲಾಗದು. ತುಂಗಭದ್ರೆಯ ಕಾಲುವೆ ನೀರು ಬಂಡೆಯೊಳಗೆ ದೀರ್ಘಕಾಲ ನಿಂತದ್ದಲ್ಲವಾದ್ದರಿಂದ ಅದರಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಕಾಲುವೆಗೆ ನೀರು ನಿಲ್ಲಿಸಿದ ಬೇಸಿಗೆಯ ದಿನಗಳಲ್ಲಿ ಕೊಳವೆ ಬಾವಿಯನ್ನು ಅವಲಂಬಿಸುವ ಗ್ರಾಮಗಳವರು ಈ ವ್ಯತ್ಯಾಸವನ್ನು ಗಮನದಲ್ಲಿಡತಕ್ಕದ್ದು.

ಭಾರತದಲ್ಲಿ ಫ್ಲೋರೋಸಿಸ್ ಕಾಯಿಲೆಯನ್ನು ಮೊದಲಿಗೆ ದಾಖಲಿಸಿದ್ದು 1937ರಲ್ಲಿ, ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಬಳ್ಳಾರಿಯೂ 1953ರವರೆಗೆ ಮದರಾಸಿನ ಆಡಳಿತದಲ್ಲೇ ಇದ್ದಿತು. ಮೂಳೆ ಮತ್ತು ಹಲ್ಲಿನ ಖನಿಜವು ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸೈಡ್‌ಗಳಿಂದ ಕೂಡಿದೆ. ಹೈಡ್ರಾಕ್ಸೈಡ್‌ಗೂ ಫ್ಲೋರೈಡ್‌ಗೂ ಗಾತ್ರ ಮತ್ತು ವಿದ್ಯುದಂಶದಲ್ಲಿ ಹೋಲಿಕೆ ಇರುವುದರಿಂದ ಒಂದರ ಸ್ಥಾನದಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ. ಅಲ್ಪ ಪ್ರಮಾಣದಲ್ಲಿ ಇದರಿಂದ ಹಲ್ಲು ಹುಳುಕಾಗುವುದು ತಪ್ಪುತ್ತದೆ. ಪ್ರಮಾಣ ಮೀರಿದರೆ, ಸುಮಾರು 8 ವರ್ಷದೊಳಗಿನ ಮಕ್ಕಳಲ್ಲಿ ರೂಪುಗೊಳ್ಳುತ್ತಿರುವ ಹಲ್ಲುಗಳ ಮೇಲೆ ಬಿಳಿ ಅಥವಾ ಕಂದು ಕಲೆಗಳು ಉಂಟಾಗಿ ಶಾಶ್ವತವಾಗಿ ಉಳಿಯುತ್ತವೆ. ಬಹುಕಾಲ ಹೆಚ್ಚು ಪ್ರಮಾಣದಲ್ಲಿ ಸೇವಿಸಿದಲ್ಲಿ ಕೀಲು ಮತ್ತು ಬೆನ್ನುಮೂಳೆ ಬಿಗಿಯುತ್ತವೆ.

ಮಾಪನ

ಒಂದು ಲೀಟರ್ ನೀರಿನ ತೂಕ ಸುಮಾರು 1 ಕಿಲೋಗ್ರಾಂ, ಅಂದರೆ 10 ಲಕ್ಷ ಮಿಲಿಗ್ರಾಂ. ಆದುದರಿಂದ ಲೀಟರಿಗೆ 1 ಮಿಲಿಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಕೆಲವು ವರದಿಗಳಲ್ಲಿ ಇದನ್ನೇ ಪಿ.ಪಿ.ಎಂ. ಎಂದು ನಮೂದಿಸಿರುತ್ತಾರೆ. ಹೋಲಿಕೆಗಾಗಿ ಹೇಳುವುದಾದರೆ, ಸಂಡೂರಿನ ಅದಿರಿನ ಮುಖ್ಯ ಖನಿಜವಾದ ಹೆಮಟೈಟ್ ಶುದ್ಧವಾಗಿದ್ದಲ್ಲಿ ಅದರಲ್ಲಿ ಕಬ್ಬಿಣವು ಶೇಕಡ 70ರಷ್ಟಿರುತ್ತದೆ, ಅಂದರೆ ಹತ್ತು ಲಕ್ಷದಲ್ಲಿ ಏಳು ಲಕ್ಷ ಭಾಗ. ಅದಿರಿನ ಲೆಕ್ಕಕ್ಕೆ ಶೇಕಡಾವಾರು ಸಾಕು, ನೀರಿನ ಲೆಕ್ಕಕ್ಕೆ ಸಾಲದು. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಇದ್ದಲ್ಲಿ ಸುಮಾರು 7 ಲಕ್ಷ ನೀರಿನ ಅಣುಗಳಿಗೆ ಒಂದು ಫ್ಲೋರೈಡ್ ಅಯಾನು ಇದ್ದಂತಾಯಿತು.

ಭಾರತೀಯ ಮಾನಕ 10500 (2012) ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 1.0 ಮಿ.ಗ್ರಾಂ, ಬೇರೆ ಜಲಮೂಲ ಇಲ್ಲದಿದ್ದಲ್ಲಿ ಮಾತ್ರ 1.5 ಮಿ.ಗ್ರಾಂವರೆಗೆ ಅನುಮತಿಯಿದೆ. ಮಿತಿಯೆಂಬುದು ಸಾಂದ್ರತೆಗೆ ಸಂಬಂಧಿಸಿದ್ದು. ದೇಹಕ್ಕೆ ಸೇರುವುದು ಸಾಂದ್ರತೆ ಮತ್ತು ಕುಡಿದ ನೀರಿನ ಗುಣಲಬ್ಧ. ಲೀಟರಿಗೆ 1.5 ಮಿ.ಗ್ರಾಂ ಇರುವ ನೀರನ್ನು ದಿನಕ್ಕೆ 2 ಲೀಟರ್ ಕುಡಿದವರಿಗೆ 3 ಮಿ.ಗ್ರಾಂ, ಏಪ್ರಿಲ್ ಬಿಸಿಲಿನಲ್ಲಿ ಗದ್ದೆಯ ಕೆಲಸ ಮಾಡಿ 5 ಲೀಟರ್ ಕುಡಿದವರಿಗೆ 7.5 ಮಿ.ಗ್ರಾಂ ಸೇರುತ್ತದೆ. ಬಳ್ಳಾರಿ ಸೀಮೆಯ ಬಿಸಿಲನ್ನು ಬಲ್ಲವರು 1.5 ಅನ್ನು ಸುರಕ್ಷಿತ ಗುರಿಯೆಂದು ಭಾವಿಸದಿರುವುದು ಸೂಕ್ತ.

ಅಂಕಿಯ ಜೊತೆಗೆ ಅದನ್ನು ಯಾವ ರೂಪದಲ್ಲಿ ಹೇಳಲಾಗಿದೆ ಎಂಬುದನ್ನೂ ನೋಡಬೇಕು. ನೈಟ್ರೇಟ್‌ಗೆ ಮಿತಿ 45 ಮಿ.ಗ್ರಾಂ ಇದ್ದು, ಇದಕ್ಕೆ ಯಾವುದೇ ಸಡಿಲಿಕೆ ಇಲ್ಲ. ಅದೇ ನೀರನ್ನು "ನೈಟ್ರೋಜನ್ ರೂಪದಲ್ಲಿ" ವರದಿ ಮಾಡಿದರೆ ಅಂಕಿ ಸುಮಾರು 10 ಆಗುತ್ತದೆ. ಹಾಗಾಗಿ ನೈಟ್ರೋಜನ್ ರೂಪದಲ್ಲಿ 20 ಎಂದಿರುವ ವರದಿಯನ್ನು ನೋಡಿ, 45ಕ್ಕಿಂತ ಕಡಿಮೆಯಿದೆಯೆಂದು ಸಮಾಧಾನಪಡುವುದು ದೊಡ್ಡ ತಪ್ಪು. ರಸಗೊಬ್ಬರ ಬಳಸುವ ಭತ್ತದ ಪ್ರದೇಶಗಳಲ್ಲಿ ಈ ಅಂಶವನ್ನು ವಿಶೇಷವಾಗಿ ಪರಿಶೀಲಿಸಬೇಕು.

ನೀರು ಶುದ್ಧೀಕರಣ ಯಂತ್ರಗಳ ಮಾರಾಟಗಾರರು ತೋರಿಸುವ ಟಿ.ಡಿ.ಎಸ್. ಮೀಟರ್ ಕರಗಿದ ಲವಣಗಳ ಒಟ್ಟು ಅಂದಾಜನ್ನು ಮಾತ್ರ ನೀಡುತ್ತದೆ. ಅದರಲ್ಲಿ 400 ಎಂದು ಬಂದ ನೀರಿನಲ್ಲಿಯೂ ಫ್ಲೋರೈಡ್ 2 ಇರಬಹುದು.

ನಿವಾರಣೆ ಮತ್ತು ಮಾದರಿ ಸಂಗ್ರಹ

ನೀರನ್ನು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ರಿವರ್ಸ್ ಆಸ್ಮೋಸಿಸ್ ವಿಧಾನದ ಶುದ್ಧ ನೀರಿನ ಘಟಕಗಳು, ಸಕ್ರಿಯ ಅಲ್ಯೂಮಿನಾ ಶೋಧಕಗಳು ಮತ್ತು ಪಟಿಕ-ಸುಣ್ಣ ಬಳಸುವ ನಲ್ಗೊಂಡ ವಿಧಾನದಿಂದ ಫ್ಲೋರೈಡನ್ನು ತಗ್ಗಿಸಬಹುದು. ನಲ್ಗೊಂಡ ವಿಧಾನದಲ್ಲಿ ಪಟಿಕದ ಪ್ರಮಾಣವು ನೀರಿನ ಕ್ಷಾರತೆಯನ್ನು ಅವಲಂಬಿಸಿರುವುದರಿಂದ ಮನೆಯಲ್ಲಿ ಅಂದಾಜಿನ ಮೇಲೆ ಪ್ರಯೋಗಿಸಬಾರದು. ಶುದ್ಧೀಕರಣ ಘಟಕದ ನೀರನ್ನೂ ಕಾಲಕಾಲಕ್ಕೆ ಪರೀಕ್ಷಿಸುವುದು ಅವಶ್ಯ. ಪೊರೆ ಹಳತಾದಂತೆ ಅದರ ಸಾಮರ್ಥ್ಯ ಕುಗ್ಗುತ್ತದೆ.

ಪರೀಕ್ಷೆಗೆ ಒಂದು ಲೀಟರ್ ನೀರನ್ನು ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತರತಕ್ಕದ್ದು. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸಬಲ್ಲದಾದ್ದರಿಂದ ಗಾಜಿನ ಬಾಟಲಿ ಬೇಡ. ಪಂಪನ್ನು ಕೆಲವು ನಿಮಿಷ ನಡೆಸಿ, ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬಬೇಕು. ಗ್ರಾಮ, ಜಲಮೂಲದ ಗುರುತು, ದಿನಾಂಕಗಳನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದಿಂದಲೇ ಪ್ರತ್ಯೇಕ ಬಾಟಲಿ ಪಡೆಯತಕ್ಕದ್ದು. ಗ್ರಾಮಗಳಲ್ಲಿ ಬಳಸುವ ಸ್ಥಳೀಯ ಪರೀಕ್ಷಾ ಕಿಟ್ ಬಣ್ಣದ ಹೋಲಿಕೆಯಿಂದ ಅಂದಾಜನ್ನಷ್ಟೇ ತಿಳಿಸುತ್ತದೆ. ಅದರಲ್ಲಿ 1ರ ಆಸುಪಾಸು ಅಥವಾ ಹೆಚ್ಚು ಕಂಡುಬಂದಲ್ಲಿ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ವರದಿ ಕೈಸೇರಿದಾಗ ದಶಮಾಂಶ ಬಿಂದುವಿನ ಸ್ಥಾನವನ್ನು ಮೊದಲು ನೋಡುವುದು. 0.15 ಮತ್ತು 1.5ರ ನಡುವೆ ಹತ್ತುಪಟ್ಟು ಅಂತರವಿದ್ದು, ಸಂದೇಹವಿದ್ದಲ್ಲಿ ವರದಿ ನೀಡಿದ ಪ್ರಯೋಗಾಲಯದಲ್ಲಿಯೇ ವಿಚಾರಿಸಿ ಖಚಿತಪಡಿಸಿಕೊಳ್ಳಬಹುದು.