ಒಬ್ಬ ಹುಡುಗನಿಗಾಗಿ ಬಂದ ನಿಯಮ

ಬಾಸ್ಕೆಟ್‌ಬಾಲ್‌ನಲ್ಲಿ ಹಾರಿ, ಚೆಂಡನ್ನು ಕೈಯಿಂದಲೇ ಬಳೆಯೊಳಗೆ ತುರುಕುವುದಕ್ಕೆ ಡಂಕ್ ಅಂತಾರೆ. ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಒಂದು ಕಾಲಕ್ಕೆ ಅದು ಫೌಲ್ ಆಗಿತ್ತು ಅಂದರೆ ಈಗ ನಂಬೋದು ಕಷ್ಟ.

1967. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತಂಡ ಆಡಿದ 30 ಪಂದ್ಯಗಳನ್ನೂ ಗೆದ್ದು ಚಾಂಪಿಯನ್ ಆಯಿತು. ಅದರ ಬಲವೆಲ್ಲ ಲ್ಯೂ ಆಲ್ಸಿಂಡರ್ ಎಂಬ ಏಳಡಿ ದಾಟಿದ ಕಪ್ಪು ಹುಡುಗ. ಅದೇ ವರ್ಷ ನಿಯಮ ಸಮಿತಿ ಡಂಕ್ ನಿಷೇಧಿಸಿತು. ಗಾಯವಾಗುತ್ತೆ, ಬೋರ್ಡು ಹಾಳಾಗುತ್ತೆ ಅನ್ನೋದು ಕೊಟ್ಟ ಕಾರಣ. ವೃತ್ತಿಪರ ಲೀಗ್‌ನಲ್ಲಿ ಮಾತ್ರ ಡಂಕ್ ನಡೆದೇ ಇತ್ತು! ಜನ ಇದನ್ನು ‘ಆಲ್ಸಿಂಡರ್ ನಿಯಮ’ ಅಂದರು. ಇದರಲ್ಲಿ ಬಣ್ಣದ ಲೆಕ್ಕವೂ ಇದೆ ಅಂತ ಅವನೇ ಹೇಳಿದ. ನನಗೂ ಹಾಗೇ ಅನಿಸುತ್ತೆ.

ಅವನು ತಲೆಯ ಮೇಲಿಂದ ಒಂದೇ ಕೈಯಲ್ಲಿ ಚೆಂಡು ತೂರುವ ಹುಕ್ ಹೊಡೆತ ಪಳಗಿಸಿಕೊಂಡ. 1968, 1969ರಲ್ಲೂ ಯುಸಿಎಲ್‌ಎಯೇ ಗೆದ್ದಿತು.

ನಾರ್ತ್ ಕೆರೊಲಿನಾ ಸ್ಟೇಟ್‌ನ ಡೇವಿಡ್ ಥಾಮ್ಸನ್ ಬಳೆಯ ಮೇಲೆ ಚೆಂಡು ಹಿಡಿದು ಮೆಲ್ಲಗೆ ಒಳಗೆ ಬಿಡುತ್ತಿದ್ದ. ಅದಕ್ಕೆ ಎರಡು ಅಂಕ. 1975ರಲ್ಲಿ, ತವರಿನ ಕೊನೆಯ ಪಂದ್ಯದಲ್ಲಿ, ತುರುಕಿಯೇಬಿಟ್ಟ. ಅದಕ್ಕೆ ಟೆಕ್ನಿಕಲ್ ಫೌಲ್.

1976-77ರ ಋತುವಿಗೆ ನಿಷೇಧ ಹೋಯಿತು. ಆಲ್ಸಿಂಡರ್ ಅಷ್ಟರಲ್ಲಿ ಕರೀಂ ಅಬ್ದುಲ್-ಜಬ್ಬಾರ್ ಆಗಿದ್ದ. ಎನ್‌ಬಿಎಯಲ್ಲಿ ಅವನು ಗಳಿಸಿದ್ದು 38,387 ಅಂಕ, ಬಹಳಷ್ಟು ಅದೇ ಹುಕ್‌ನಿಂದ. ಆ ದಾಖಲೆ ಮುರಿದದ್ದು 2023ರಲ್ಲಿ.