ಪಟೇಲ್: ಹುದ್ದೆಯೊಂದು ಮನೆತನದ ಹೆಸರಾದ ಬಗೆ

ಪಟೇಲ್ ಎಂಬ ಹೆಸರನ್ನು ಕೇಳಿದೊಡನೆ ಅದು ಹಿಂದೂಗಳ ಹೆಸರೆಂದು ನಮ್ಮಲ್ಲಿ ಅನೇಕರು ತೀರ್ಮಾನಿಸಿಬಿಡುತ್ತಾರೆ. ಮುಸ್ಲಿಮನೊಬ್ಬನಿಗೆ ಆ ಹೆಸರಿದ್ದರೆ ಅವನ ದೀನಿನ ಬಗ್ಗೆಯೇ ಅನುಮಾನದ ಮಾತು ಹೊರಡುವುದುಂಟು. ಈ ಹೆಸರಿನ ಚರಿತ್ರೆಯನ್ನು ಅರಿತರೆ ಅಂತಹ ಅನುಮಾನಕ್ಕೆ ಆಸ್ಪದವೇ ಇರುವುದಿಲ್ಲ.

ಪಟೇಲ್ ಎಂಬುದು ಮೂಲತಃ ಒಂದು ಹುದ್ದೆ. ಮಧ್ಯಯುಗದ ಶಾಸನಗಳಲ್ಲಿ ಬರುವ ‘ಪಟ್ಟಕಿಲ’ ಎಂಬ ಪದದಿಂದ ಗುಜರಾತಿನ ಪಟೇಲ್, ಮಹಾರಾಷ್ಟ್ರದ ಪಾಟೀಲ್ ಎರಡೂ ಬಂದಿವೆಯೆಂದು ವಿದ್ವಾಂಸರು ಹೇಳುತ್ತಾರೆ. ಊರಿನ ಕಂದಾಯ ವಸೂಲಿ ಮಾಡುವುದು, ಜಗಳಗಳನ್ನು ತೀರ್ಮಾನಿಸುವುದು ಈ ಮುಖ್ಯಸ್ಥನ ಕೆಲಸ. ನಮ್ಮ ನಾಡಿನ ಪಟೇಲರೂ ಇದನ್ನೇ ಮಾಡುತ್ತಿದ್ದರು. ಲೆಕ್ಕ ಬರೆಯುವವರು ಶಾನುಭೋಗರು. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ರದ್ದುಗೊಳಿಸಿತು. ಅಧಿಕಾರ ಹೋಯಿತು, ಹೆಸರು ಮನೆತನಗಳಲ್ಲಿ ಉಳಿಯಿತು.

ಗುಜರಾತಿನಲ್ಲಿಯೂ ಹೆಸರು ಹೀಗೆಯೇ ಉಳಿಯಿತು, ಒಂದೇ ಸಮುದಾಯಕ್ಕೆ ಸೀಮಿತವಾಗಲಿಲ್ಲ. ಸರ್ದಾರ್ ವಲ್ಲಭಭಾಯಿ ಪಟೇಲರು ಖೇಡಾ ಕಡೆಯ ಪಾಟೀದಾರ್ ಸಮುದಾಯದವರು. ಭರೂಚ್ ಸೀಮೆಯ ಸುನ್ನಿ ವೋರಾ ರೈತರಲ್ಲಿಯೂ ಅದೇ ಹೆಸರು ಬೇರೂರಿತು. 1977ರಲ್ಲಿ ಭರೂಚಿನಿಂದ ಲೋಕಸಭೆಗೆ ಆಯ್ಕೆಯಾದ ಅಹ್ಮದ್ ಪಟೇಲರು ಆ ಜಿಲ್ಲೆಯವರೇ. ಪಾರ್ಸಿಗಳಲ್ಲಿಯೂ ಪಟೇಲರಿದ್ದಾರೆ.

ಈ ಹೆಸರು ಕಡಲು ದಾಟಿದ್ದು ದುಡಿಮೆಯ ನಿಮಿತ್ತ. 1896ರಲ್ಲಿ ಪೂರ್ವ ಆಫ್ರಿಕಾದ ಮೊಂಬಾಸಾದಿಂದ ರೈಲುಮಾರ್ಗದ ನಿರ್ಮಾಣ ಆರಂಭವಾಯಿತು. ಮುಂದಿನ ದಶಕಗಳಲ್ಲಿ ಪಾಟೀದಾರರು ಗುಮಾಸ್ತರಾಗಿ, ಅಂಗಡಿಕಾರರಾಗಿ ಕೀನ್ಯಾ, ಉಗಾಂಡಾಗಳಲ್ಲಿ ನೆಲೆಸಿದರು. 1972ರಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ ದೇಶ ಬಿಡಲು ಕೊಟ್ಟದ್ದು ಬರೀ 90 ದಿನ. ಸಾವಿರಾರು ಕುಟುಂಬಗಳು ಬ್ರಿಟನ್ ಸೇರಿದವು. ಇತ್ತ ಭರೂಚ್ ಕಡೆಯ ಮುಸ್ಲಿಮ್ ಪಟೇಲರು 1960ರ ದಶಕದಲ್ಲಿ ನೇರವಾಗಿ ಲ್ಯಾಂಕಾಶೈರ್‌ಗೆ ಹೊರಟರು. ಹತ್ತಿ ಬೆಳೆಯುವ ಸೀಮೆಯಿಂದ ಹೋದವರು ಬ್ಲ್ಯಾಕ್‌ಬರ್ನ್, ಬೋಲ್ಟನ್, ಪ್ರೆಸ್ಟನ್‌ಗಳ ಹತ್ತಿಗಿರಣಿಗಳಲ್ಲಿ ರಾತ್ರಿ ಪಾಳಿ ದುಡಿದರು. ಉಳಿಸಿದ ಹಣದಲ್ಲಿ ಮಸೀದಿ, ಮದ್ರಸಾಗಳನ್ನು ಕಟ್ಟಿದರು.

ಅಮೆರಿಕದ 2000ದ ಜನಗಣತಿಯಲ್ಲಿ ಪಟೇಲ್ ಹೆಸರಿನವರು ಸುಮಾರು 1,45,000; 2010ರಲ್ಲಿ ಸುಮಾರು 2,30,000. ಹೀಗೆ ಅದು ಆ ದೇಶದ ಮೊದಲ ನೂರು ಮನೆತನದ ಹೆಸರುಗಳಲ್ಲಿ ಒಂದಾಯಿತು. ಅಲ್ಲಿನ ಜನಗಣತಿ ಧರ್ಮವನ್ನು ಕೇಳುವುದಿಲ್ಲವಾದ್ದರಿಂದ ಈ ಸಂಖ್ಯೆಯಲ್ಲಿ ಎಲ್ಲ ಧರ್ಮಗಳ ಪಟೇಲರೂ ಸೇರಿದ್ದಾರೆ.

2021ರ ಡಿಸೆಂಬರಿನಲ್ಲಿ ಮುಂಬೈಯ ವಾಂಖೆಡೆ ಮೈದಾನದಲ್ಲಿ ನ್ಯೂಜಿಲೆಂಡಿನ ಏಜಾಜ್ ಪಟೇಲ್ ಒಂದೇ ಇನಿಂಗ್ಸ್‌ನಲ್ಲಿ ಭಾರತದ ಹತ್ತೂ ವಿಕೆಟ್ ಪಡೆದರು. ನಮ್ಮ ಅನಿಲ್ ಕುಂಬ್ಳೆಯವರ 1999ರ ಸಾಧನೆಯನ್ನು ಸರಿಗಟ್ಟಿದ ಈ ಮುಸ್ಲಿಮ್ ಆಟಗಾರ ಹುಟ್ಟಿದ್ದು ಅದೇ ಮುಂಬೈಯಲ್ಲಿ.

ನಮ್ಮ ಮನೆತನಗಳ ಹೆಸರುಗಳನ್ನೂ ಗಮನಿಸೋಣ. ಇನಾಮದಾರ, ದೇಸಾಯಿ, ಪಾಟೀಲ ಎಂಬವು ಅಧಿಕಾರ ಅಥವಾ ಭೂಮಿಯಿಂದ ಬಂದವು. ಹತ್ತಿ ಹಿಂಜಿದವರು ನದಾಫರು, ಅತ್ತರು ಮಾರಿದವರು ಅತ್ತಾರರು, ಹಣ್ಣು ತರಕಾರಿ ಮಾರಿದವರು ಬಾಗವಾನರು. ಇವುಗಳಲ್ಲಿ ಹಿರಿಮೆಯನ್ನಾಗಲಿ ಕೀಳರಿಮೆಯನ್ನಾಗಲಿ ಹುಡುಕಬೇಕಾಗಿಲ್ಲ. ಕುಲ ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕಾಗಿ, ಶ್ರೇಷ್ಠತೆಯ ಅಳತೆ ತಕ್ವಾ ಮಾತ್ರ ಎಂಬುದು ಸೂರಃ ಅಲ್ ಹುಜುರಾತ್‌ನ ಬೋಧನೆ.

ಪಟೇಲ್ ಎಂಬ ಹೆಸರು ತಿಳಿಸುವುದು ಹಿರಿಯರ ಕೆಲಸವನ್ನು. ಅವರ ನಂಬಿಕೆಯನ್ನು ಅದರಿಂದ ಅಳೆಯಲಾಗದು. ನಿಮ್ಮ ಮನೆತನದ ಹೆಸರು ಎಲ್ಲಿಂದ ಬಂತೆಂದು ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಿ, ಮಕ್ಕಳಿಗೂ ತಿಳಿಸಿರಿ. ತಮ್ಮ ಹೆಸರಿನ ಕಥೆ ಬಲ್ಲ ಮಕ್ಕಳು ಇನ್ನೊಬ್ಬರ ಹೆಸರು ಕೇಳಿ ಅನುಮಾನಪಡಲಾರರು.